ಉತಾರದ ಹಿಂದೆ ಇದ್ದವರು

2025ರ ನವೆಂಬರ್ 8ರಂದು ಬೆಂಗಳೂರಿನಲ್ಲಿ ಪ್ರೊ. ವಿ. ರಾಜಾರಾಮನ್ ತೀರಿಕೊಂಡರು. ಅವರಿಗೆ 92 ವರ್ಷವಾಗಿತ್ತು. ಎಂಬತ್ತು, ತೊಂಬತ್ತರ ದಶಕಗಳಲ್ಲಿ ಹುಬ್ಬಳ್ಳಿ, ಗದಗ, ಬಾಗಲಕೋಟೆ ಕಡೆ ಡಿಪ್ಲೊಮಾ, ಎಂಜಿನಿಯರಿಂಗ್, ಎಂಸಿಎ ಎಂದು ಓದಿದ ಯಾರನ್ನಾದರೂ ಕೇಳಿ ನೋಡಿ. ರಾಜಾರಾಮನ್ ಎಂದರೆ ಅವರಿಗೆ ಮೊದಲು ನೆನಪಾಗುವುದು ಮನುಷ್ಯ ಅಲ್ಲ, ಪುಸ್ತಕ. ಫೋರ್ಟ್ರಾನ್‌ಗೊಂದು, ಸಿ ಭಾಷೆಗೊಂದು, ಕಂಪ್ಯೂಟರಿನ ಮೂಲ ಪಾಠಗಳಿಗೊಂದು. ತೆಳು ಕಾಗದ, ಇಕ್ಕಟ್ಟಿನ ಅಚ್ಚು, ಪಾಠಕ್ಕೊಂದಿಷ್ಟು ಬಿಡಿಸಿದ ಲೆಕ್ಕ, ಕೊನೆಗೆ ಬಿಡಿಸಬೇಕಾದ ಲೆಕ್ಕ. ಮುಖ್ಯವಾಗಿ, ಹಾಸ್ಟೆಲ್ ಹುಡುಗರು ಮನೆಗೆ ಹಣ ಕಳಿಸಿ ಎಂದು ಪತ್ರ ಬರೆಯದೆ ಕೊಳ್ಳಬಹುದಾದ ಬೆಲೆ. ಅಮೆರಿಕದ ಪಠ್ಯಪುಸ್ತಕಗಳು ಗ್ರಂಥಾಲಯದ ಗಾಜಿನ ಕಪಾಟಿನಲ್ಲಿರುತ್ತಿದ್ದವು. ರಾಜಾರಾಮನ್ ಮಾತ್ರ ಹಾಸಿಗೆಯ ತಲೆದಿಂಬಿನ ಪಕ್ಕ ಇರುತ್ತಿತ್ತು.

ಕಂಪ್ಯೂಟರ್ ಲೋಕದ ಹಿರಿಯರು ತೀರಿಕೊಂಡಾಗ ಪತ್ರಿಕೆಗಳಲ್ಲಿ ಬರುವ ಶ್ರದ್ಧಾಂಜಲಿಗಳು ಹೆಚ್ಚಾಗಿ ಕಂಪನಿ, ಷೇರು, ಸಾವಿರ ಕೋಟಿಗಳ ಸುತ್ತಲೇ ತಿರುಗುತ್ತವೆ. ಬೆಂಗಳೂರಿನಲ್ಲಿ ಕೂತು ನೋಡಿದರೆ ಅದು ಸರಿಯೇ ಇರಬಹುದು. ಮುಂಡರಗಿಯಲ್ಲಿ ನಿಂತು ನೋಡಿದರೆ ಈ ಚರಿತ್ರೆಗೆ ಬೇರೆಯೇ ಆಕಾರವಿದೆ. ಎರೆ ಹೊಲ, ಕಪ್ಪತ್ತಗುಡ್ಡದ ಸೆರಗು, ಅತ್ತ ತುಂಗಭದ್ರೆ, ನಡುವೆ ಸಂತೆಪೇಟೆಯ ಈ ತಾಲ್ಲೂಕಿಗೆ ಯಾವ ಸಾಫ್ಟ್‌ವೇರ್ ಕಂಪನಿಯೂ ಕಂಪ್ಯೂಟರ್ ತರಲಿಲ್ಲ. ಅದು ಬಂದದ್ದು ಅಗ್ಗದ ಪುಸ್ತಕಗಳಿಂದ, ಸರ್ಕಾರದ ಒಂದು ಜಾಲದಿಂದ ಮತ್ತು ದುಡ್ಡು ಕೇಳದ ಒಂದು ಕೀಲಿಮಣೆಯಿಂದ. ಮೂರನ್ನೂ ಮಾಡಿದವರು ಸಂಬಳಕ್ಕೆ ದುಡಿದ ಮೇಷ್ಟ್ರುಗಳು, ಸರ್ಕಾರಿ ನೌಕರರು, ಅಚ್ಚುಕೂಟದ ತಂತ್ರಜ್ಞರು. ಅವರಲ್ಲಿ ಹಲವರು ಈಗ ಇಲ್ಲ. ಈ ಲೇಖನ ಅವರ ಲೆಕ್ಕ.

ದೇಶದ ಮಟ್ಟಿಗೆ ಕಥೆ ಮುಂಬೈಯಿಂದ ಶುರುವಾಗುತ್ತದೆ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆರ್. ನರಸಿಂಹನ್ ಮತ್ತು ಅವರ ತಂಡದ ಯುವಕರು, ಯಾರೂ ಕಂಪ್ಯೂಟರ್ ಕಟ್ಟಿ ಗೊತ್ತಿಲ್ಲದವರು, ಓದಿಕೊಂಡೇ ಒಂದು ಯಂತ್ರ ಕಟ್ಟಿದರು. 1956ರಲ್ಲಿ ಅದರ ಸಣ್ಣ ಮಾದರಿ ಕೆಲಸ ಮಾಡಿತು. 1960ರಲ್ಲಿ ಪೂರ್ಣ ಯಂತ್ರ ಚಾಲೂ ಆಯಿತು. 1962ರಲ್ಲಿ ಅದಕ್ಕೆ ಟಿಫ್ರಾಕ್ ಎಂದು ಹೆಸರಾಯಿತು. ನರಸಿಂಹನ್ ಕೊನೆಗಾಲವನ್ನು ಬೆಂಗಳೂರಿನಲ್ಲಿ ಕಳೆದು 2007ರಲ್ಲಿ ಅಲ್ಲೇ ತೀರಿಕೊಂಡರು. ಅದೇ ಐವತ್ತರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಒಂದು ಪ್ರಯತ್ನ ನಡೆದಿತ್ತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ಬಂದಿದ್ದ ಪ್ರೊ. ರೈಡೌಟ್ ಅವರ ಮಾರ್ಗದರ್ಶನದಲ್ಲಿ ಒಂದು ಅನಲಾಗ್ ಕಂಪ್ಯೂಟರ್ ಸಿದ್ಧವಾಯಿತು. ಅಂಕಿಗಳನ್ನು ಎಣಿಸುವ ಬದಲು ವಿದ್ಯುತ್ತಿನ ಏರಿಳಿತದಿಂದಲೇ ಸಮೀಕರಣ ಬಿಡಿಸುವ ಯಂತ್ರ ಅದು. ಅದರ ಬೆಸುಗೆಯಲ್ಲಿ ಕೈಯಾಡಿಸಿದ ವಿದ್ಯಾರ್ಥಿಗಳಲ್ಲಿ ರಾಜಾರಾಮನ್ ಒಬ್ಬರು. ಆಮೇಲೆ ಅವರು ಎಂಐಟಿ ಮತ್ತು ವಿಸ್ಕಾನ್ಸಿನ್‌ನಲ್ಲಿ ಓದಿ, 1963ರಲ್ಲಿ ಕಾನ್ಪುರದ ಐಐಟಿಗೆ ಬಂದರು.

ಕಾನ್ಪುರಕ್ಕೆ ಅದೇ ವರ್ಷ ಐಬಿಎಂ 1620 ಕಂಪ್ಯೂಟರ್ ಬಂತು. ಇವತ್ತಿನ ಮೊಬೈಲಿನ ಮುಂದೆ ಅದರ ನೆನಪಿನ ಶಕ್ತಿ ಲೆಕ್ಕಕ್ಕೇ ಇಲ್ಲ. ಆದರೆ ಕಾನ್ಪುರದವರು ಅದನ್ನು ದೇವರ ಕೋಣೆಯಲ್ಲಿಟ್ಟು ಬಾಗಿಲು ಹಾಕಿಕೊಳ್ಳಲಿಲ್ಲ. ಹೊರಗಿನ ಕಾಲೇಜುಗಳ ಮೇಷ್ಟ್ರುಗಳು, ಕೈಗಾರಿಕೆಗಳ ಎಂಜಿನಿಯರುಗಳು ಬಂದು ಕಲಿತು ಹೋಗುವಂತೆ ಕಿರು ಅವಧಿಯ ತರಗತಿ ನಡೆಸಿದರು. 1965ರಿಂದ ಕಂಪ್ಯೂಟರ್ ವಿಜ್ಞಾನವನ್ನು ಎಂ.ಟೆಕ್. ಹಂತದಲ್ಲಿ ಕಲಿಸತೊಡಗಿದರು. ರಾಜಾರಾಮನ್ನರ ಪುಸ್ತಕಗಳ ಬೇರು ಈ ತರಗತಿಯ ಟಿಪ್ಪಣಿಗಳಲ್ಲಿದೆ. ತಾವು ಬರೆದದ್ದು ಹೆಚ್ಚು ಜನಕ್ಕೆ ಸಿಗಬೇಕು, ಬೆಲೆ ಕಡಿಮೆ ಇರಬೇಕು ಎಂಬ ಹಟ ಅವರಿಗೆ ಕೊನೆಯವರೆಗೂ ಇತ್ತು. ಸಂಶೋಧನೆಗೆ 1976ರಲ್ಲಿ ಭಟ್ನಾಗರ್ ಪ್ರಶಸ್ತಿ, 1998ರಲ್ಲಿ ಪದ್ಮಭೂಷಣ ಬಂದವು. ಆದರೂ ಈ ದೇಶಕ್ಕೆ ಅವರಿಂದ ಆದ ದೊಡ್ಡ ಉಪಕಾರ ಆ ಅಗ್ಗದ ಪುಸ್ತಕಗಳೇ ಎಂಬುದು ನನ್ನ ಎಣಿಕೆ.

ಕಾನ್ಪುರದಲ್ಲಿ ಅವರ ಜೊತೆಗಿದ್ದ ಕನ್ನಡಿಗರೊಬ್ಬರನ್ನು ನಾವು ಇನ್ನೂ ಕಡಿಮೆ ನೆನೆಯುತ್ತೇವೆ: ಹೊಸಕೆರೆ ಮಹಾಬಲ, ಎಲ್ಲರ ಬಾಯಲ್ಲಿ ಎಚ್.ಎನ್. ಮಹಾಬಲ. ಅಲ್ಲಿಂದ ಅವರು ಮದ್ರಾಸ್ ಐಐಟಿಗೆ ಹೋದರು. 1973ರಲ್ಲಿ ಜರ್ಮನಿಯ ನೆರವಿನಿಂದ ಅಲ್ಲಿಗೆ ಐಬಿಎಂ 370/155 ಬಂದಾಗ ಅದರ ಸುತ್ತ ಒಂದು ವಿಭಾಗವನ್ನೇ ಕಟ್ಟಿದರು. ಇನ್ಫೋಸಿಸ್ ಕಟ್ಟಿದವರಲ್ಲಿ ಒಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ಮಹಾಬಲರ ಶಿಷ್ಯ. ನಿವೃತ್ತಿಯ ನಂತರ ಮಹಾಬಲ ಬೆಂಗಳೂರಿನಲ್ಲಿ ಹೊಸ ಎಂಜಿನಿಯರುಗಳಿಗೆ ಪಾಠ ಹೇಳುವ ಕೆಲಸವನ್ನೇ ಮುಂದುವರಿಸಿದರು. 2022ರಲ್ಲಿ ತೀರಿಕೊಂಡಾಗ ಶಿಷ್ಯರು ಟ್ವಿಟರ್‌ನಲ್ಲಿ ನಮಸ್ಕರಿಸಿದರು. ಗುರುವಿನ ಹೆಸರು ಶಿಷ್ಯನ ಕಂಪನಿಯ ಹೆಸರಿನ ಬಾಲ ಹಿಡಿದು ಸುದ್ದಿಯಾಗುವುದು ನಮ್ಮ ಕಾಲದ ಪದ್ಧತಿ.

ರಾಜಾರಾಮನ್ ಮಾಡಿದ ಇನ್ನೊಂದು ಕೆಲಸ ನಮ್ಮಂಥ ಊರುಗಳಿಗೆ ನೇರವಾಗಿ ತಾಗಿತು. ಎಂಬತ್ತರ ದಶಕದ ಆರಂಭದಲ್ಲಿ, ದೇಶಕ್ಕೆ ಎಷ್ಟು ಕಂಪ್ಯೂಟರ್ ತಿಳಿದ ಜನ ಬೇಕು ಎಂದು ನೋಡಲು ಕೇಂದ್ರ ನೇಮಿಸಿದ ಸಮಿತಿಗೆ ಅವರು ಅಧ್ಯಕ್ಷರಾಗಿದ್ದರು. ಎಂಸಿಎ ಎಂಬ ಪದವಿ ಹುಟ್ಟಿದ್ದು ಆ ಸಮಿತಿಯ ಶಿಫಾರಸಿನಿಂದ. ಬಿ.ಎಸ್ಸಿ., ಬಿ.ಕಾಂ. ಮುಗಿಸಿದ, ಎಂಜಿನಿಯರಿಂಗ್ ಸೀಟು ಸಿಗದ, ಸಿಕ್ಕರೂ ಶುಲ್ಕ ಕಟ್ಟಲಾಗದ ಮಕ್ಕಳಿಗೆ ಕಂಪ್ಯೂಟರ್ ಕೆಲಸದ ಕಡೆ ತೆರೆದ ಹಿಂಬಾಗಿಲು ಅದು. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಮೊದಲ ಬೆಂಗಳೂರು ಸಂಬಳ ಆ ಬಾಗಿಲಿನಿಂದಲೇ ಬಂತು. ಮಠಗಳೂ ಹೊತ್ತಿಗೆ ಸರಿಯಾಗಿ ಎಚ್ಚೆತ್ತವು. ಗದಗಿನ ತೋಂಟದಾರ್ಯ ಮಠದ ಎಂಜಿನಿಯರಿಂಗ್ ಕಾಲೇಜಿನಿಂದ ಮುಂಡರಗಿ, ಶಿರಹಟ್ಟಿ ಕಡೆಯ ಹುಡುಗರು ದಿನಾಲೂ ಬಸ್ಸಿನಲ್ಲಿ ಹೋಗಿಬಂದು ಓದುವಂತಾಯಿತು.

ಆ ತರಗತಿಗಳಲ್ಲಿ ಕೇಳಿಸುತ್ತಿದ್ದ ಇನ್ನೆರಡು ಹೆಸರುಗಳ ಒಡೆಯರೂ ಈಚೆಗೆ ಹೋದರು. ಪ್ಯಾಸ್ಕಲ್ ಭಾಷೆ ರೂಪಿಸಿದ ಸ್ವಿಟ್ಜರ್ಲೆಂಡಿನ ನಿಕ್ಲಾಸ್ ವಿರ್ತ್ 2024ರ ಜನವರಿ 1ರಂದು. ಬೇಸಿಕ್ ಭಾಷೆಯ ಇಬ್ಬರು ಜನಕರಲ್ಲಿ ಉಳಿದಿದ್ದ ಥಾಮಸ್ ಕುರ್ಟ್ಜ್ ಅದೇ ವರ್ಷದ ನವೆಂಬರಿನಲ್ಲಿ. ಇಬ್ಬರೂ ಮೇಷ್ಟ್ರುಗಳೇ. ವಿರ್ತ್ ಪ್ಯಾಸ್ಕಲನ್ನು ಮಾಡಿದ್ದು ವಿದ್ಯಾರ್ಥಿಗಳಿಗೆ ಶಿಸ್ತಾಗಿ ಬರೆಯಲು ಕಲಿಸುವುದಕ್ಕೆ. ಕುರ್ಟ್ಜ್ ಮತ್ತು ಕೆಮೆನಿ 1964ರಲ್ಲಿ ಬೇಸಿಕನ್ನು ಮಾಡಿದ್ದು ಗಣಿತ, ವಿಜ್ಞಾನ ಓದದ ವಿದ್ಯಾರ್ಥಿಗಳೂ ಕಂಪ್ಯೂಟರ್ ಮುಟ್ಟಲಿ ಎಂದು. 1984ರಲ್ಲಿ ಕೇಂದ್ರ ಸರ್ಕಾರ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೊ ಕಂಪ್ಯೂಟರುಗಳನ್ನು ಹಂಚಿದಾಗ ಮಕ್ಕಳು ಮೊದಲು ಬರೆದದ್ದು ಬೇಸಿಕ್‌ನ ಹತ್ತು, ಇಪ್ಪತ್ತು, ಮೂವತ್ತು ಎಂದು ಅಂಕಿ ಹಾಕಿದ ಸಾಲುಗಳನ್ನು.

1982ರಲ್ಲಿ ರಾಜಾರಾಮನ್ ಬೆಂಗಳೂರಿಗೆ, ವಿಜ್ಞಾನ ಸಂಸ್ಥೆಯ ಕಂಪ್ಯೂಟರ್ ಕೇಂದ್ರಕ್ಕೆ ಮರಳಿದರು. ಮುಂದೆ ಅದು ಸೂಪರ್ ಕಂಪ್ಯೂಟರ್ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರವಾಯಿತು. 1994ರವರೆಗೆ ಅವರೇ ನಡೆಸಿದರು. ಆಗ ದೊಡ್ಡ ಯಂತ್ರಗಳಿಗಾಗಿ ಅಮೆರಿಕದ ಮುಂದೆ ಕೈಕಟ್ಟಿ ನಿಲ್ಲುವ ಕಾಲ. ಹವಾಮಾನ ಮುನ್ಸೂಚನೆಗೆ ಒಂದು ಕ್ರೇ ಯಂತ್ರವನ್ನು ದಿಲ್ಲಿಗೆ ಕೊಟ್ಟರು, ವಿಜ್ಞಾನ ಸಂಸ್ಥೆ ಕೇಳಿದ ಯಂತ್ರವನ್ನು ಕೊಡಲಿಲ್ಲ. ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿಡ್ಯಾಕ್ ಹುಟ್ಟಿದ್ದು, 1991ರಲ್ಲಿ ಅದರ ಸೂಪರ್ ಕಂಪ್ಯೂಟರ್ ಪರಮ್ 8000 ಬಂದದ್ದು ಈ ನಿರಾಕರಣೆಯ ಬೆನ್ನಿಗೆ. ಆದರೆ ಪರಮ್‌ಗಿಂತ ಮೊದಲೇ, 1986ರಲ್ಲಿ, ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರ್ ಓಡಿತ್ತು. ಪೇಟೆಯಲ್ಲಿ ಸಿಗುವ ಸಾಧಾರಣ ಚಿಪ್ಪುಗಳನ್ನೇ ಜೋಡಿಸಿ, ಒಂದು ಲೆಕ್ಕವನ್ನು ಹಲವು ಪ್ರೊಸೆಸರುಗಳಿಗೆ ಹಂಚಿಕೊಡುವ ಉಪಾಯ. ಆಗ ಆ ಪ್ರಯೋಗಾಲಯದ ನಿರ್ದೇಶಕರು ರೊದ್ದಂ ನರಸಿಂಹ. ವಿಮಾನದ ರೆಕ್ಕೆಯ ಮೇಲಿನ ಗಾಳಿಗೆಂದು ಹುಟ್ಟಿದ ಯಂತ್ರ ಮುಂದೆ ಮುಂಗಾರಿನ ಲೆಕ್ಕಕ್ಕೂ ದುಡಿಯಿತು. ರೊದ್ದಂ 2020ರ ಡಿಸೆಂಬರ್ 14ರಂದು ಹೋದರು. ರೋಹಿಣಿ ಮಳೆ ಬಿದ್ದೀತೇ, ಹೆಸರು ಬಿತ್ತಬಹುದೇ ಎಂದು ಪ್ರತಿ ವರ್ಷ ಮುಗಿಲು ನೋಡುವ ಮುಂಡರಗಿಯ ರೈತನಿಗೆ ಅವರ ಹೆಸರು ಗೊತ್ತಿರಬೇಕಾದ ಕಾರಣವೇನೂ ಇಲ್ಲ. ಅವರ ದುಡಿಮೆಯ ಒಂದು ಭಾಗ ಮಾತ್ರ ಆ ರೈತನ ಪ್ರಶ್ನೆಯ ಮೇಲೆಯೇ ಇತ್ತು.

ಅದೇ 1986ರಲ್ಲಿ ನಮಗೆ ಹತ್ತಿರದ ಕಿತ್ತೂರಿನಲ್ಲಿ ಸರ್ಕಾರದ ಟೆಲಿಫೋನ್ ಸಂಶೋಧನಾ ಸಂಸ್ಥೆ ಸಿಡಾಟ್‌ನ ಮೊದಲ ಗ್ರಾಮೀಣ ಸ್ವಯಂಚಾಲಿತ ಟೆಲಿಫೋನ್ ಎಕ್ಸ್‌ಚೇಂಜ್ ಚಾಲೂ ಆಯಿತು. 128 ಲೈನುಗಳ ಪೆಟ್ಟಿಗೆ; ಒಳಗೆ ಮೈಕ್ರೊಪ್ರೊಸೆಸರ್. ಏರ್ ಕಂಡಿಷನರ್ ಬೇಡದ, ನಮ್ಮ ಧೂಳು ಬಿಸಿಲು ತಡೆಯುವ ಯಂತ್ರ ಬೇಕೆಂದೇ ಅದನ್ನು ಹಾಗೆ ಮಾಡಿದ್ದರು. ಬಹಳ ಹಳ್ಳಿಗಳು ಕಂಡ ಮೊದಲ ಕಂಪ್ಯೂಟರ್ ಅದೇ, ಯಾರೂ ಅದನ್ನು ಕಂಪ್ಯೂಟರ್ ಎನ್ನಲಿಲ್ಲ ಅಷ್ಟೆ. ಬ್ಯಾಂಕುಗಳ ಕಥೆ ಬೇರೆ. ಕೆಲಸ ಹೋದೀತೆಂದು ನೌಕರರ ಸಂಘಗಳು ಎದುರು ನಿಂತಿದ್ದವು. 1983ರ ಒಪ್ಪಂದದ ನಂತರವೇ ಯಂತ್ರಗಳು ಒಂದೊಂದಾಗಿ ಒಳಗೆ ಬಂದದ್ದು. ಆ ಭಯವನ್ನು ನೆನೆದು ಈಗ ನಗುವುದು ಸುಲಭ. ಲೆಡ್ಜರ್ ಬರೆಯುವವರ ಕೆಲಸ ನಿಜಕ್ಕೂ ಹೋಯಿತು ಎಂಬುದನ್ನೂ ಮರೆಯಬಾರದು.

ಸರ್ಕಾರದ ಜಾಲದ ವಿಷಯಕ್ಕೆ ಬಂದರೆ ಎನ್. ಶೇಷಗಿರಿ ಅವರಿಂದ ಶುರು ಮಾಡಬೇಕು. ಹುಟ್ಟಿದ್ದು 1940ರಲ್ಲಿ, ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ಮಾಡಿ ಪಿಎಚ್.ಡಿ. ಪಡೆದು ದಿಲ್ಲಿಗೆ ಹೋದವರು. ಎಪ್ಪತ್ತರ ದಶಕದ ನಡುಭಾಗದಲ್ಲಿ ರಾಷ್ಟ್ರೀಯ ಮಾಹಿತಿ ಕೇಂದ್ರ, ಅಂದರೆ ಎನ್ಐಸಿಯನ್ನು ಕಟ್ಟಿ ದೀರ್ಘ ಕಾಲ ನಡೆಸಿದರು. ಎಂಬತ್ತರ ದಶಕದ ಕೊನೆಗೆ ನಿಕ್‌ನೆಟ್ ಎಂಬ ಜಾಲ ಉಪಗ್ರಹದ ಮೂಲಕ ಜಿಲ್ಲಾ ಕೇಂದ್ರಗಳನ್ನು ದಿಲ್ಲಿಗೆ ಕಟ್ಟತೊಡಗಿತು. ಜಿಲ್ಲಾಧಿಕಾರಿ ಕಚೇರಿಗಳ ಮಾಳಿಗೆಯ ಮೇಲೆ ಬಟ್ಟಲಿನಂಥ ಆ್ಯಂಟೆನಾ, ಕೆಳಗೆ ಗೋಣಿತಟ್ಟಿನಂಥ ಪರದೆ ಮುಚ್ಚಿದ ಕೋಣೆಯಲ್ಲಿ ಒಂದು ಟರ್ಮಿನಲ್, ಚಪ್ಪಲಿ ಹೊರಗೆ ಬಿಟ್ಟು ಬರಬೇಕೆಂಬ ಫಲಕ. ಜನಸಾಮಾನ್ಯರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್‌ನಲ್ಲಿ. ಅದಕ್ಕೂ ಮೊದಲೇ ಸರ್ಕಾರದ ಜಿಲ್ಲಾ ಕಚೇರಿಗಳು ತಮ್ಮ ತಮ್ಮಲ್ಲಿ ಮಾತಾಡುತ್ತಿದ್ದವು. 1984ರ ಕಂಪ್ಯೂಟರ್ ನೀತಿಯ ಹಿಂದೆಯೂ ಶೇಷಗಿರಿ ಇದ್ದರು. ಪದ್ಮಭೂಷಣ ಬಂದದ್ದು 2005ರಲ್ಲಿ, ತೀರಿಕೊಂಡದ್ದು 2013ರ ಮೇ ತಿಂಗಳಲ್ಲಿ, ಬೆಂಗಳೂರಿನಲ್ಲಿ. ಐಪಿಎಲ್ ಹಗರಣದ ಗದ್ದಲದ ವಾರ ಅದು. ಅವರ ಸುದ್ದಿಯನ್ನು ಓದಿದ ನೆನಪು ಎಷ್ಟು ಜನಕ್ಕಿದೆಯೋ.

ಮುಂಡರಗಿ ಆಗ ಧಾರವಾಡ ಜಿಲ್ಲೆಯಲ್ಲಿತ್ತು; ಗದಗ ಜಿಲ್ಲೆ ಆದದ್ದು 1997ರಲ್ಲಿ. ಎನ್ಐಸಿ ನಮ್ಮ ತಾಲ್ಲೂಕು ಕಚೇರಿಯ ಒಳಗೆ ನಿಜವಾಗಿ ಕಾಲಿಟ್ಟದ್ದು ಭೂಮಿ ಯೋಜನೆಯ ಮೂಲಕ, ಈ ಶತಮಾನದ ಮೊದಲ ವರ್ಷಗಳಲ್ಲಿ. ಹಳೇ ಮೈಸೂರಿನವರು ಪಹಣಿ ಎನ್ನುವುದನ್ನು ನಾವು ಉತಾರ ಎನ್ನುತ್ತೇವೆ. ಗ್ರಾಮಲೆಕ್ಕಿಗರು ನಮಗೆ ತಲಾಟಿ. ಭೂಮಿ ಬರುವ ಮೊದಲು ಉತಾರ ಬೇಕೆಂದರೆ ತಲಾಟಿಯನ್ನು ಹುಡುಕಬೇಕು, ಅವರು ಸಂತೆಗೆ ಹೋಗಿರುತ್ತಾರೆ, ಇದ್ದರೆ ವಹಿ ಸಿಗುವುದಿಲ್ಲ, ವಹಿ ಸಿಕ್ಕರೆ ಚಹಾ ಆಗಬೇಕು, ಚಹಾ ಎಂದರೆ ಬರೀ ಚಹಾ ಅಲ್ಲ. ರಾಜೀವ್ ಚಾವ್ಲಾ ಎಂಬ ಐಎಎಸ್ ಅಧಿಕಾರಿ ಮುಂದಾಳಾಗಿ, ಎನ್ಐಸಿ ತಂತ್ರಾಂಶ ಬರೆದು, ರಾಜ್ಯದ ಸುಮಾರು ಎರಡು ಕೋಟಿ ಜಮೀನು ದಾಖಲೆಗಳನ್ನು ಕಂಪ್ಯೂಟರಿಗೆ ಹಾಕಿದರು. 177 ತಾಲ್ಲೂಕು ಕಚೇರಿಗಳಲ್ಲಿ ಕಿಟಕಿ ತೆರೆಯಿತು. ಆಗ 15 ರೂಪಾಯಿ ಕೊಟ್ಟರೆ ಅಚ್ಚಾದ ಉತಾರ ಸಿಗುತ್ತಿತ್ತು. ಕೈಬರಹದ ಉತಾರಕ್ಕೆ ಬೆಲೆ ಇಲ್ಲ ಎಂದಾಯಿತು.

ಒಳ್ಳೆಯದೇ. ಆದರೆ ಕೈಬರಹದಲ್ಲಿ ಬಳ್ಳಿಯಂತೆ ಹೋಗಿದ್ದ ಹೆಸರುಗಳನ್ನು ಯಾರೋ ದಿನಗೂಲಿಯ ಹುಡುಗರು ಕೂತು ಕಂಪ್ಯೂಟರಿಗೆ ಏರಿಸಿದಾಗ ದೀರ್ಘ ಹ್ರಸ್ವವಾಯಿತು, ಅಡ್ಡಹೆಸರು ಹಾರಿಹೋಯಿತು, ಅಪ್ಪನ ಹೆಸರು ಅಣ್ಣನ ಹೊಲಕ್ಕೆ ಬಂತು. ಅದರಿಂದ ಹುಟ್ಟಿದ ತಿದ್ದುಪಡಿ ಅರ್ಜಿಗಳು ಇನ್ನೂ ನಿಂತಿಲ್ಲ. ಆ ಅರ್ಜಿಗಳೇ ಬಸ್ ನಿಲ್ದಾಣದಿಂದ ತಹಶೀಲ್ದಾರ್ ಕಚೇರಿವರೆಗೆ ಇರುವ ಡಿಟಿಪಿ, ಝೆರಾಕ್ಸ್ ಅಂಗಡಿಗಳ ಅನ್ನ. ಒಂದು ದಿನ ಅಂಥ ಅಂಗಡಿಯೊಂದರಲ್ಲಿ ಕೇಳಿದ್ದು:

‘ಕಾಕಾ, ಅಡ್ಡಹೆಸರು ಹ್ಯಾಂಗ ಹೊಡೀಲಿ? ದೀರ್ಘ ಐತೇನ್ರಿ?’

‘ನಿಮ್ಮ ಕಂಪ್ಯೂಟರದಾಗ ಹ್ಯಾಂಗ ಐತಿ ಹಂಗ ಹೊಡಿ, ತಮ್ಮಾ.’

‘ಕಂಪ್ಯೂಟರದಾಗ ತಪ್ಪೈತಿ ಅಂತನ ಅಲ್ಲೇನ್ರಿ ಅರ್ಜಿ ಹಾಕಾಕತ್ತಿದ್ದು?’

‘ಹೌದಲ್ಲೋ!’ ಎಂದು ಕಾಕಾ ರುಮಾಲು ತೆಗೆದು ನಕ್ಕರು. ಆಮೇಲೆ ಪ್ಲಾಸ್ಟಿಕ್ ಚೀಲದಿಂದ ಹಳೆಯ ಖರೀದಿ ಪತ್ರ ಹೊರಬಂತು, ಹುಡುಗ ಅದನ್ನು ಬೆಳಕಿಗೆ ಹಿಡಿದು ಅಕ್ಷರ ಅಕ್ಷರ ಓದಿದ. ಬೆರಳು ಮಾತ್ರ ನಿಲ್ಲಲಿಲ್ಲ.

ಆ ಹುಡುಗನ ಮೇಜಿನ ಮೇಲೆ ಎಷ್ಟು ಜನ ಸತ್ತವರ ಕೆಲಸವಿದೆ ಎಂದು ಲೆಕ್ಕ ಹಾಕಿದರೆ ಸೋಜಿಗವಾಗುತ್ತದೆ. ಅವನು ಹಿಡಿದ ಮೌಸನ್ನು ಮೊದಲು ಕಲ್ಪಿಸಿದ ಡಗ್ಲಾಸ್ ಎಂಗೆಲ್‌ಬಾರ್ಟ್ 2013ರಲ್ಲಿ ಹೋದರು. ಅದನ್ನು ಮರದ ತುಂಡಿನಲ್ಲಿ ಕಟ್ಟಿಕೊಟ್ಟ ಬಿಲ್ ಇಂಗ್ಲಿಷ್ 2020ರ ಜುಲೈನಲ್ಲಿ. ನಿನ್ನೆಯ ಅರ್ಜಿಯನ್ನು ಕಾಪಿ ಮಾಡಿ, ಇವತ್ತಿನದಕ್ಕೆ ಪೇಸ್ಟ್ ಮಾಡಿ, ಹೆಸರು ಸರ್ವೆ ನಂಬರ್ ಬದಲಿಸುತ್ತಾನಲ್ಲ, ಆ ಕಟ್, ಕಾಪಿ, ಪೇಸ್ಟ್ ಪದ್ಧತಿಯನ್ನು ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ರೂಪಿಸಿದವರಲ್ಲಿ ಮುಖ್ಯರಾದ ಲ್ಯಾರಿ ಟೆಸ್ಲರ್ 2020ರ ಫೆಬ್ರುವರಿಯಲ್ಲಿ. ತಿದ್ದುಪಡಿ ಅರ್ಜಿ, ಮರಣ ಪತ್ರಿಕೆ, ಜಾತ್ರೆ ಪಾಂಪ್ಲೆಟ್, ಒಂದೇ ಮಾದರಿಯ ಮೇಲೆ ನೂರು ಬಾರಿ ಹೊಡೆಯುವ ಈ ಉದ್ಯೋಗ ನಿಂತಿರುವುದೇ ಟೆಸ್ಲರ್ ಮೇಲೆ. ಇನ್ನು ಪರದೆಯ ಮೇಲೆ ಕಂಡ ಪುಟ ಹಾಗೇ ಕಾಗದದ ಮೇಲೆ ಬರಲು ಕಾರಣ ಪೋಸ್ಟ್‌ಸ್ಕ್ರಿಪ್ಟ್. ಅಕ್ಷರವನ್ನು ಚುಕ್ಕೆಗಳ ಗುಂಪಾಗಿ ಅಲ್ಲದೆ ಗೆರೆಗಳ ಲೆಕ್ಕವಾಗಿ ಪ್ರಿಂಟರಿಗೆ ಹೇಳುವ ಭಾಷೆ ಅದು. ಹಾಗಾಗಿ ಅದೇ ಫಾಂಟು ಕರಪತ್ರದಲ್ಲೂ ಸೈ, ಬ್ಯಾನರಿನಲ್ಲೂ ಸೈ. 1982ರಲ್ಲಿ ಅಡೋಬಿ ಕಂಪನಿ ಶುರು ಮಾಡಿ ಅದನ್ನು ಕೊಟ್ಟ ಇಬ್ಬರಲ್ಲಿ ಚಾರ್ಲ್ಸ್ ಗೆಶ್ಕಿ 2021ರ ಏಪ್ರಿಲ್‌ನಲ್ಲಿ, ಜಾನ್ ವಾರ್ನಾಕ್ 2023ರ ಆಗಸ್ಟ್‌ನಲ್ಲಿ ತೀರಿಕೊಂಡರು.

ಗದಗ ಸೀಮೆಗೆ ಇದರ ಪೆಟ್ಟೂ ಲಾಭವೂ ಜೋರಾಗಿಯೇ ತಾಗಿತು. ಗದಗ ಎಂದರೆ ಅಚ್ಚುಕೂಟಗಳ ಊರು. ಬಿ.ಜಿ. ಸಂಕೇಶ್ವರ ಕಂಪನಿಯ ನಿಘಂಟು, ಪಠ್ಯಪುಸ್ತಕಗಳು ಉತ್ತರ ಕರ್ನಾಟಕದ ಮನೆಮನೆಯಲ್ಲಿದ್ದವು. ಆ ಕಾಲದ ಕಂಪೋಸಿಟರ್ ಕನ್ನಡದ ನೂರಾರು ಮೊಳೆಗಳ ಖಾನೆಗಳ ಮುಂದೆ ನಿಂತು, ಕಣ್ಣು ಹಸ್ತಪ್ರತಿಯ ಮೇಲೆ, ಕೈ ಖಾನೆಯ ಮೇಲೆ, ಒತ್ತಕ್ಷರದ ಸಣ್ಣ ಮೊಳೆಯನ್ನು ಮೂಲಾಕ್ಷರದ ಹೊಟ್ಟೆಯ ಕೆಳಗೆ ಕೂಡಿಸಬೇಕಿತ್ತು. ಸಾಯಂಕಾಲ ಅದನ್ನೆಲ್ಲ ಬಿಚ್ಚಿ ಮತ್ತೆ ಖಾನೆಗೆ ಹಾಕಬೇಕು. ಡಿಟಿಪಿ ಬಂದ ಹತ್ತೇ ವರ್ಷದಲ್ಲಿ ಟ್ರೆಡಲ್ ಯಂತ್ರಗಳು ಮೋಡಕಾ ಅಂಗಡಿಗೆ ಹೋದವು, ಸೀಸದ ಮೊಳೆ ತೂಕಕ್ಕೆ ಹೋಯಿತು. ಕೆಲವು ಕಂಪೋಸಿಟರುಗಳು ಕೀಲಿಮಣೆ ಕಲಿತರು, ಹೆಚ್ಚಿನವರು ಕಲಿಯಲಿಲ್ಲ.

ಆ ಕೀಲಿಮಣೆಯ ಕಥೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಕನ್ನಡ ಬೆರಳಚ್ಚು ಯಂತ್ರಕ್ಕೆ ಅನಂತಸುಬ್ಬರಾಯರು ರೂಪಿಸಿದ ಕೀಲಿಮಣೆ ಇತ್ತು. ಸರ್ಕಾರಿ ಕಚೇರಿಗಳ ಟೈಪಿಸ್ಟರು ಅದನ್ನು ಪರೀಕ್ಷೆ ಕೊಟ್ಟು ಕಲಿಯುತ್ತಿದ್ದರು. ಅದರಲ್ಲಿ ಅಕ್ಷರದ ತುಂಡುಗಳನ್ನು, ಅಂದರೆ ತಲೆಕಟ್ಟು, ಕೊಂಬು, ಇಳಿ ಎಂದು ಬಿಡಿಬಿಡಿಯಾಗಿ ಹೊಡೆಯಬೇಕು. ಕಂಪ್ಯೂಟರ್ ಬಂದ ಮೇಲೆ ಎರಡು ದಾರಿಗಳು ತೆರೆದವು. ಕಾನ್ಪುರ ಐಐಟಿಯಲ್ಲಿ ಹುಟ್ಟಿ ಸಿಡ್ಯಾಕ್‌ಗೆ ಬಂದ ಜಿಸ್ಟ್ ತಂಡ, ಬ್ರಾಹ್ಮಿಯಿಂದ ಬಂದ ಭಾರತದ ಲಿಪಿಗಳೆಲ್ಲಕ್ಕೂ ವರ್ಣಮಾಲೆಯ ಕ್ರಮ ಒಂದೇ ಎಂಬುದನ್ನು ಹಿಡಿದು ಎಲ್ಲಕ್ಕೂ ಒಂದೇ ಸಂಕೇತ, ಒಂದೇ ಕೀಲಿಮಣೆ ಮಾಡಿತು. ತತ್ವ ಚೆನ್ನಾಗಿತ್ತು; ಆದರೆ ಆರಂಭದಲ್ಲಿ ಅದಕ್ಕೆ ಕಂಪ್ಯೂಟರಿನೊಳಗೆ ಬೇರೆ ಕಾರ್ಡು ಬೇಕಿತ್ತು, ಕಾರ್ಡಿಗೆ ದುಡ್ಡು ಬೇಕಿತ್ತು. ಇನ್ನೊಂದು ದಾರಿ ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರದು. ಮುಂಬೈಯಲ್ಲಿ ಟಾಟಾ ಸಂಶೋಧನಾ ಸಂಸ್ಥೆ, ಟಾಟಾ ಪ್ರೆಸ್ ಎಂದು ದುಡಿದು ಅಕ್ಷರ ಜೋಡಣೆಯ ಒಳಹೊರಗು ಬಲ್ಲವರು. ಸಿಂಧೂ ಲಿಪಿಯ ಚಿಹ್ನೆಗಳನ್ನು ಕಂಪ್ಯೂಟರಿನಿಂದ ಪಟ್ಟಿ ಮಾಡಿ 1977ರಲ್ಲಿ ಗ್ರಂಥ ತಂದ ಐರಾವತಂ ಮಹಾದೇವನ್ ಅವರ ಕೆಲಸದಲ್ಲೂ ರಾವ್ ಕೈಜೋಡಿಸಿದ್ದರು. ಮಹಾದೇವನ್ 2018ರ ನವೆಂಬರಿನಲ್ಲಿ ಹೋದರು. ಓದಲಾಗದ ಲಿಪಿಯೊಂದರ ಜೊತೆ ಏಗಿದವರು ಓದಬಲ್ಲ ಲಿಪಿಗೆ ಸುಲಭದ ದಾರಿ ಹುಡುಕಿದ್ದು ಆಕಸ್ಮಿಕ ಇರಲಾರದು.

ರಾವ್ ಮಾಡಿದ್ದು ಇಷ್ಟು. ಇಂಗ್ಲಿಷ್ ಕೀಲಿಯ ಸದ್ದಿಗೆ ಹತ್ತಿರದ ಕನ್ನಡ ಅಕ್ಷರವನ್ನು ಅದೇ ಕೀಲಿಗೆ ಕೊಟ್ಟರು. ಅಲ್ಪಪ್ರಾಣ ಕೆಳಗೆ, ಮಹಾಪ್ರಾಣ ಶಿಫ್ಟ್ ಒತ್ತಿದರೆ ಮೇಲೆ. ಕೀಲಿ ಒತ್ತಿದರೆ ‘ಅ’ಕಾರ ಸಹಿತ ಅಕ್ಷರ ಬರುತ್ತದೆ, ಮುಂದೆ ಸ್ವರ ಒತ್ತಿದರೆ ಅದು ಕಾಗುಣಿತವಾಗುತ್ತದೆ. ಒತ್ತಕ್ಷರ ಬೇಕೆಂದರೆ ನಡುವೆ ಎಫ್. ‘ಕನ್ನಡ’ಕ್ಕೆ ಕೆ, ಎನ್, ಎಫ್, ಎನ್, ಡಬ್ಲ್ಯು, ಐದೇ ಪೆಟ್ಟು. ‘ಮುಂಡರಗಿ’ಗೆ ಎಂ, ಯು, ಶಿಫ್ಟ್ ಹಿಡಿದು ಮತ್ತೆ ಎಂ, ಆಮೇಲೆ ಡಬ್ಲ್ಯು, ಆರ್, ಜಿ, ಐ. ನಾಲ್ಕನೇ ಇಯತ್ತೆಯ ಕಾಗುಣಿತ ಬಂದವನಿಗೆ ವಾರದಲ್ಲಿ ಕೈಗೆ ಕೂತೀತು. ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ಒಂದು ತಂತ್ರಾಂಶವನ್ನೂ ಬರೆದು ಪುಕ್ಕಟೆ ಹಂಚಿದರು. ಈ ಕೀಲಿಮಣೆಯನ್ನೇ ಮುಂದೆ ರಾಜ್ಯ ಸರ್ಕಾರ ಒಪ್ಪಿಕೊಂಡಿತು, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಅದು ಮನೆಮಾತಾಯಿತು. ಹಕ್ಕು ಕಟ್ಟಿಕೊಂಡು ಪ್ರತಿ ಕೀಲಿಮಣೆಗೆ ರೂಪಾಯಿ ವಸೂಲು ಮಾಡಿದ್ದರೆ? ಮಾಡಲಿಲ್ಲ. ಮುಂಡರಗಿಯ ಆ ಹುಡುಗ ಅರ್ಜಿಗೆ ಕಡಿಮೆ ದುಡ್ಡು ತಗೊಂಡರೂ ಅಂಗಡಿ ನಡೆಯುವುದಕ್ಕೆ ಇದೂ ಒಂದು ಕಾರಣ.

ಆ ವರ್ಷಗಳಲ್ಲಿ ಜಗಳಗಳೂ ಸಾಕಷ್ಟಾದವು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂದು ವಿದೇಶದ ಕನ್ನಡಿಗರ ಮನೆ ಹೊಕ್ಕಿತು, ಪ್ರೆಸ್ಸುಗಳಲ್ಲಿ ಶ್ರೀಲಿಪಿ, ಪ್ರಕಾಶಕ್, ಕಚೇರಿಗಳಲ್ಲಿ ನುಡಿ. ಒಂದರಲ್ಲಿ ಹೊಡೆದದ್ದು ಇನ್ನೊಂದರಲ್ಲಿ ತೆರೆದರೆ ಭೂತಲಿಪಿ. ಇದರ ವಿರುದ್ಧ ಎಲ್ಲರಿಗಿಂತ ಜೋರಾಗಿ ಕೂಗಿದವರು ಕೆ.ಪಿ. ಪೂರ್ಣಚಂದ್ರ ತೇಜಸ್ವಿ. ಮೂಡಿಗೆರೆಯ ಕಾಫಿ ತೋಟದಲ್ಲಿ ಕೂತ ಕಥೆಗಾರ, ಕನ್ನಡಕ್ಕೆ ಸರಿಯಾದ ತಂತ್ರಾಂಶ ಇಲ್ಲದಿದ್ದರೆ ಕನ್ನಡ ಉಳಿಯುವುದಿಲ್ಲ ಎಂದು ಬರೆದರು, ಭಾಷಣ ಮಾಡಿದರು, ಹಂಪಿ ಕನ್ನಡ ವಿಶ್ವವಿದ್ಯಾಲಯದ ‘ಕುವೆಂಪು’ ತಂತ್ರಾಂಶದ ಬೆನ್ನಿಗೆ ನಿಂತರು. 2007ರ ಏಪ್ರಿಲ್ 5ರಂದು ಅವರು ಹೋದಾಗ ಬಂದ ಲೇಖನಗಳಲ್ಲಿ ಕಾಡು, ಹಕ್ಕಿ, ಮೀನು, ಕಾದಂಬರಿ ಎಲ್ಲ ಇದ್ದವು. ಕಂಪ್ಯೂಟರ್ ವಿಷಯ ಬಂದರೆ ಒಂದು ಸಾಲು. ಕುವೆಂಪು ತಂತ್ರಾಂಶ ಜನಕ್ಕೆ ಹತ್ತಲಿಲ್ಲ ನಿಜ, ಆದರೆ ಸರ್ಕಾರವನ್ನೂ ಸಾಹಿತಿಗಳನ್ನೂ ಈ ವಿಷಯದಲ್ಲಿ ಕೂರಲು ಬಿಡದೆ ಕಾಡಿದವರ ಸಾಲಿನಲ್ಲಿ ತೇಜಸ್ವಿ ಮೊದಲಿಗರು. ಕನ್ನಡ ಗಣಕದ ಚರಿತ್ರೆ ಬರೆಯುವವರು ಅವರಿಗೊಂದು ಅಧ್ಯಾಯ ಇಡಬೇಕು.

ಪರಿಹಾರ ಯುನಿಕೋಡ್‌ನಲ್ಲಿ, ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಡುವ ಪದ್ಧತಿಯಲ್ಲಿ ಇತ್ತು. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತ್ತು. ಜಿಸ್ಟ್ ತಂಡ ಹಾಕಿದ ವರ್ಣಮಾಲೆಯ ಕ್ರಮವೇ ಅಲ್ಲಿಯೂ ಬುನಾದಿ. ಸಂಕೇತ ಇದ್ದರಾಯಿತೇ, ತೋರಿಸಲು ಅಕ್ಷರ ಬೇಕಲ್ಲ. 2001ರ ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಫಾಂಟು ಬಂದಾಗ ಸಾಮಾನ್ಯ ಕಂಪ್ಯೂಟರಿನಲ್ಲಿ ಬೇರೆ ಯಾವ ತಂತ್ರಾಂಶವೂ ಇಲ್ಲದೆ ಕನ್ನಡ ಮೂಡಿತು. ಅದರ ವಿನ್ಯಾಸಕ್ಕೆ ಮಾರ್ಗದರ್ಶಕರಾಗಿದ್ದವರು ಮುಂಬೈಯ ಕ್ಯಾಲಿಗ್ರಫಿ ಕಲಾವಿದ ಆರ್.ಕೆ. ಜೋಶಿ. 2008ರ ಫೆಬ್ರುವರಿಯಲ್ಲಿ ತೀರಿಕೊಂಡರು. ತುಂಗಾ ನೋಡಲು ಸ್ವಲ್ಪ ಬಡಕಲು, ಒತ್ತಕ್ಷರಗಳು ಕಾಲಿಗೆ ಕಾಲು ತಾಗಿಸುತ್ತವೆ ಎಂದು ನಮ್ಮ ಡಿಟಿಪಿಯವರು ಮೂಗು ಮುರಿದರು. ಆದರೆ ಇವತ್ತು ಮುಂಡರಗಿ ಸಂತೆಯಲ್ಲಿ ಈರುಳ್ಳಿ ಧಾರಣೆಯನ್ನು ವಾಟ್ಸಾಪ್‌ನಲ್ಲಿ ಕನ್ನಡದಲ್ಲೇ ಕಳಿಸುತ್ತಾರೆಂದರೆ ಅದು ಆ ಬಡಕಲು ಫಾಂಟು ತೆರೆದ ದಾರಿಯಲ್ಲೇ. ಈಗ ಹಲವರು ಕೀಲಿಯನ್ನೂ ಒತ್ತುವುದಿಲ್ಲ. ಮೈಕ್ ಒತ್ತಿ ಮಾತಾಡಿದರೆ ಅಕ್ಷರವಾಗುತ್ತದೆ, ‘ಬ್ಯಾಡ’ ಎಂದದ್ದು ‘ಬೇಡ’ ಆಗುತ್ತದೆ, ಒಮ್ಮೊಮ್ಮೆ ‘ಬ್ಯಾಟ್’ ಕೂಡ.

ಉಳಿದಿರುವ ದೊಡ್ಡ ಕೆಲಸ ಹಳೆಯ ಕಡತಗಳದು. ಸುಮಾರು ಹದಿನೈದು ವರ್ಷ ಕಚೇರಿಗಳು, ಪ್ರೆಸ್ಸುಗಳು, ಕಾಲೇಜುಗಳು ಯುನಿಕೋಡ್ ಅಲ್ಲದ ನುಡಿಯಲ್ಲಿ ಹೊಡೆದಿಟ್ಟ ಪುಟಗಳು ಗದಗ ಜಿಲ್ಲೆಯೊಂದರಲ್ಲೇ ಎಷ್ಟಿವೆಯೋ. ಜಾತ್ರೆಯ ಸ್ಮರಣ ಸಂಚಿಕೆ, ಮಠದ ಚರಿತ್ರೆ, ಊರ ಕವಿಗಳ ಸಂಕಲನ, ಸಹಕಾರಿ ಸಂಘಗಳ ವರದಿ ಎಲ್ಲವೂ ಹಳೆ ಹಾರ್ಡ್ ಡಿಸ್ಕುಗಳಲ್ಲಿ, ಗೀರುಬಿದ್ದ ಸಿಡಿಗಳಲ್ಲಿ ಇವೆ. ಪರಿವರ್ತಕ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ, ಆದರೆ ಕೆಲಸ ಒಂದೇ ಒತ್ತಿಗೆ ಮುಗಿಯುವುದಿಲ್ಲ. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಕಣ್ಣಿಗೆ ಕಂಡಂತೆ ಅಕ್ಷರದ ನಂತರ ಕೂತಿರುತ್ತದೆ. ಯುನಿಕೋಡ್‌ನಲ್ಲಿ ಉಚ್ಚಾರದಂತೆ ರಕಾರ ಮೊದಲು ಬರಬೇಕು. ಅದನ್ನು ಹಿಂದಕ್ಕೆ ಎಳೆದು ಸರಿಯಾದ ಅಕ್ಷರದ ಮುಂದೆ ಕೂರಿಸುವಾಗ, ಆ ಅಕ್ಷರಕ್ಕೆ ಒತ್ತೋ ಕೊಂಬೋ ಇದ್ದರೆ ತಂತ್ರಾಂಶ ತಡವರಿಸಬಹುದು. ‘ಕರ್ನಾಟಕ’ ಸಾಧಾರಣವಾಗಿ ಸರಿ ಬರುತ್ತದೆ. ‘ಮರ್ತ್ಯ’, ‘ವರ್ಜ್ಯ’, ‘ಸಾಮರ್ಥ್ಯ’ ಬಂದಾಗ ಕಣ್ಣಿಟ್ಟು ನೋಡಬೇಕು. ಹಳೆಯ ಫಾಂಟಿನ ಅಂಕಿ, ಆವರಣ ಚಿಹ್ನೆಗಳೂ ಕೈಕೊಡುವುದುಂಟು. ನಮ್ಮೂರ ಅಂಗಡಿಗಳಲ್ಲಿ ಈ ಕೆಲಸಕ್ಕೆ ಪುಟದ ಲೆಕ್ಕದಲ್ಲಿ ದುಡ್ಡು ತಗೊಳ್ಳುತ್ತಾರೆ. ಶಾಸ್ತ್ರ, ಪುರಾಣದ ಪುಸ್ತಕವಾದರೆ ಅರ್ಕಾವೊತ್ತು ಜಾಸ್ತಿ ಎಂದು ದರ ಸ್ವಲ್ಪ ಹೆಚ್ಚು ಹೇಳುತ್ತಾರೆ.